ಬಾಬ್ಸ್ ಬರ್ಗರ್ಸ್ ಮಕ್ಕಳು ಮತ್ತು ಹನುಮಂತನಗರದ ನಮ್ಮ ಹೋಟೆಲ್

ನೀವು ಕೇಳಿದ್ದು ಎರಡು ವಿಷಯ. ಬರ್ಗರ್ ಹೋಟೆಲ್ ನಡೆಸುವ ಬಾಬ್ ಮನೆಯವರ ಕಥೆ ಹೇಳುವ ಅಮೆರಿಕದ ಟಿವಿ ಕಾರ್ಟೂನ್ ‘ಬಾಬ್ಸ್ ಬರ್ಗರ್ಸ್’ನಲ್ಲಿ ಅವನ ಮಕ್ಕಳು ಟೀನಾ, ಜೀನ್, ಲೂಯೀಸ್ ಮೂವರೂ ಸದಾ ಒಂದೇ ಗುಂಪಾಗಿ ಇರುತ್ತಾರೆ, ನಿಜವಾದ ಒಡಹುಟ್ಟಿದವರು ಹಾಗಿರುತ್ತಾರಾ? ಮತ್ತೆ ದಿನಾ ಬರುವ ಗಿರಾಕಿ ಟೆಡ್ಡಿಯಂಥ ಹೊರಗಿನವರಿಗೆ ಯಾಕೆ ಅಷ್ಟೊಂದು ಜಾಗ?

ಇರುತ್ತಾರೆ. ನಾವು ಹಾಗೇ ಇದ್ದೆವು. ನಿಮ್ಮ ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ: ಅವರ ಮನೆ ಕೆಳಗೆ ಅಂಗಡಿ ಇದೆ.

ಹನುಮಂತನಗರದಲ್ಲಿ ನಮ್ಮಪ್ಪ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕೆಳಗೆ ಹೋಟೆಲ್, ಮೇಲೆ ಎರಡು ರೂಮಿನ ಮನೆ. ಬೆಳಿಗ್ಗೆ ಐದಕ್ಕೆ ಗ್ರೈಂಡರ್ ಹಾಕಿದರೆ ಮೇಲೆ ನಮ್ಮ ಮಂಚ ಅದುರುತ್ತಿತ್ತು. ಅಕ್ಕ, ನಾನು, ತಮ್ಮ. ಅಪ್ಪ ಒಲೆ ಮುಂದೆ, ಅಮ್ಮ ಗಲ್ಲಾದಲ್ಲಿ, ಹಾಗಾಗಿ ನಮ್ಮನ್ನು ನೋಡಿಕೊಳ್ಳಲು ಇದ್ದವರು ನಾವೇ. ಬೇರೆ ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮನ ಗಮನಕ್ಕೆ ಜಗಳ ಆಡುತ್ತಾರೆ, ಅಲ್ವಾ? ನಮ್ಮಲ್ಲಿ ಆ ಗಮನ ಯಾರಿಗೂ ಪೂರ್ತಿ ಸಿಗುತ್ತಿರಲಿಲ್ಲ, ಅದಕ್ಕೆ ಜಗಳದ ವಿಷಯವೇ ಬೇರೆ ಇರುತ್ತಿತ್ತು. ಈರುಳ್ಳಿ ಹೆಚ್ಚುವುದು ಯಾರ ಸರದಿ, ಟೇಬಲ್ ಒರೆಸುವುದು ಯಾರು, ಅಷ್ಟೇ.

ಕಾರ್ಟೂನಿನ ಆ ಮೂವರನ್ನೂ ಗಮನಿಸಿ. ಟೀನಾಗೆ 13, ಜೀನ್‌ಗೆ 11, ಲೂಯೀಸ್‌ಗೆ 9. ಮನೆಯಲ್ಲಿ ಆಟ ನಡೆಸುವುದು ಚಿಕ್ಕವಳು, ದೊಡ್ಡವಳು ಗೊಣಗುತ್ತಾ ಹಿಂದೆ ಹೋಗುತ್ತಾಳೆ. ಆದರೆ ಮೂರನೇ ಸೀಸನ್‌ನ ‘ಬಾಯ್ಸ್ ಫೋರ್ ನೌ’ ಕಂತಿನಲ್ಲಿ ಇದು ತಲೆಕೆಳಗಾಗುತ್ತದೆ. ಹಾಡುವ ಹುಡುಗರ ಬ್ಯಾಂಡ್ ನೋಡಲು ಟೀನಾ, ಲೂಯೀಸ್ ಇಬ್ಬರೂ ಹೋಗುತ್ತಾರೆ, ಅಲ್ಲಿ ಲೂಯೀಸ್‌ಗೆ ಜೀವನದಲ್ಲಿ ಮೊದಲ ಸಲ ಒಬ್ಬ ಹುಡುಗ ಇಷ್ಟವಾಗಿಬಿಡುತ್ತಾನೆ, ತನಗೆ ಏನೋ ರೋಗ ಬಂದ ಹಾಗೆ ಅವಳು ಹೆದರಿ ಹೋಗುತ್ತಾಳೆ. ಹುಡುಗರ ವಿಷಯದಲ್ಲಿ ಟೀನಾಗೆ ಅನುಭವ ಜಾಸ್ತಿ. ಅವಳು ನಗುವುದಿಲ್ಲ, ಚುಡಾಯಿಸುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತಾಳೆ. ಅವತ್ತು ಅವಳು ಅಕ್ಕ. ನನಗೆ ಇಡೀ ಸರಣಿಯಲ್ಲಿ ತುಂಬಾ ಇಷ್ಟವಾದ ಕಂತು ಇದು. ಸರಣಿಗೆ ಮುಂಚೆ ಮಾದರಿಗೆಂದು ಮಾಡಿದ ಡೆಮೊದಲ್ಲಿ ಟೀನಾ ಇರಲೇ ಇಲ್ಲ, ಡೇನಿಯಲ್ ಅನ್ನುವ ಹುಡುಗ ಇದ್ದ. ಆಮೇಲೆ ಅವನನ್ನು ಹುಡುಗಿ ಮಾಡಿದರು, ದನಿ ಮಾತ್ರ ಅದೇ ಡ್ಯಾನ್ ಮಿಂಟ್ಜ್ ಅವರದ್ದು ಉಳಿಯಿತು. ಆ ಬದಲಾವಣೆ ಆಗದಿದ್ದರೆ ಇಂಥ ಅಕ್ಕ ತಂಗಿ ಕಥೆ ಹುಟ್ಟುತ್ತಲೇ ಇರಲಿಲ್ಲ.

ಈಗ ಹೊರಗಿನವರು. ಅಂಗಡಿ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಒಳಗೆ ಬರುತ್ತಾರೆ, ಹಾಗಾಗಿ ಆ ಮಕ್ಕಳ ಬದುಕು ನಡೆಯುವುದೇ ಗಿರಾಕಿಗಳ ಮುಂದೆ. ಮೂರನೇ ಸೀಸನ್‌ನ ಮೊದಲ ಕಂತು ನೋಡಿ. ಬಾಬ್ ಹೋಟೆಲಿನ ಪಕ್ಕದಲ್ಲಿರುವ ಮಾರ್ಟ್ ಅನ್ನುವವನು ಶವಸಂಸ್ಕಾರದ ಕೆಲಸ ಮಾಡುವವನು. ಅಲ್ಲಿಗೆ ಸತ್ತ ಗೆಳೆಯನ ಅಂತ್ಯಕ್ರಿಯೆಗೆ ಬೈಕ್ ಗ್ಯಾಂಗ್ ಬರುತ್ತದೆ, ಅಲ್ಲಿಂದ ಊಟಕ್ಕೆ ಬಾಬ್ ಹತ್ತಿರ. ಲೂಯೀಸ್ ಯಾವತ್ತೂ ತೆಗೆಯದ ಗುಲಾಬಿ ಮೊಲದ ಕಿವಿಯ ಟೋಪಿಯನ್ನು ಲೋಗನ್ ಅನ್ನುವ ದೊಡ್ಡ ಹುಡುಗ ಕಿತ್ತುಕೊಂಡಾಗ ಅವಳು ಸಹಾಯ ಕೇಳುವುದು ಆ ಬೈಕಿನವರನ್ನೇ. ಕೊನೆಗೆ ಆ ಗುಂಪಿನ ಹೆಂಗಸೊಬ್ಬಳಿಗೆ ಹೆರಿಗೆ ಆಗುವುದೂ ಅದೇ ಹೋಟೆಲಿನಲ್ಲಿ. ಇದನ್ನು ನೋಡಿ ಅತಿಯಾಯಿತು ಅನ್ನುವವರು ಹೋಟೆಲಿನ ಗಲ್ಲಾದಲ್ಲಿ ಒಂದು ದಿನವೂ ಕೂತಿರಲಿಕ್ಕಿಲ್ಲ.

ನಮಗೂ ಒಬ್ಬ ಟೆಡ್ಡಿ ಇದ್ದರು. ಪ್ಲಂಬರ್ ಅಂಕಲ್. ದಿನಾ ಸಂಜೆ ಮೂಲೆ ಟೇಬಲ್, ಒಂದು ಕಾಫಿ, ಒಂದು ಗಂಟೆ ಮಾತು. ಒಮ್ಮೆ ತಮ್ಮ ಗಲ್ಲಾದಲ್ಲಿದ್ದ, ಒಬ್ಬ ಗಿರಾಕಿ ನೂರರ ನೋಟು ಕೊಟ್ಟೆ, ಐವತ್ತಕ್ಕೆ ಚಿಲ್ಲರೆ ಕೊಟ್ಟಿದ್ದೀಯ, ಕಳ್ಳ ಅಂತ ಕೂಗಾಡಿದರು. ಅಕ್ಕನ ರೆಕಾರ್ಡ್ ಪುಸ್ತಕದಲ್ಲಿ ತಮ್ಮ ಗೀಚಿದ್ದಕ್ಕೆ ಅವಳು ಎರಡು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದಳು. ಆದರೂ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನ ಮುಂದೆ ನಿಂತಳು. ನಾನು ಅವಳ ಪಕ್ಕ. ಪ್ಲಂಬರ್ ಅಂಕಲ್ ಮೂಲೆಯಿಂದಲೇ, "ಐವತ್ತರ ನೋಟೇ ಸ್ವಾಮಿ, ನಾನು ನೋಡಿದೆ" ಅಂದರು. ಅಷ್ಟೇ, ಮತ್ತೆ ಕಾಫಿ ಕುಡಿದರು. ಆ ಗಿರಾಕಿ ಹೋದ ಮೇಲೆ ಅಕ್ಕ ತಮ್ಮನ ಜೊತೆ ಮಾತಾಡಿದಳಾ? ಇಲ್ಲ, ಇನ್ನೂ ಒಂದು ದಿನ ಬಿಟ್ಟಳು.

ಸೈಡ್ ಕ್ಯಾರೆಕ್ಟರ್ ಇಲ್ಲದಿದ್ದರೆ ಬಾಬ್ ಮಕ್ಕಳು ಮೂವರು ಒಬ್ಬರಿಗೊಬ್ಬರು ಏನು ಅನ್ನುವುದು ಹೊರಗೆ ಬರುವುದೇ ಇಲ್ಲ. ಸರಣಿ ಮಾಡುವವರಿಗೂ ಇದು ಚೆನ್ನಾಗಿ ಗೊತ್ತಿದೆ. 2023ರಲ್ಲಿ ಬಂದ ‘ದಿ ಅಮೇಜಿಂಗ್ ರೂಡಿ’ ಕಂತನ್ನು ಪೂರ್ತಿ ಲೂಯೀಸ್‌ಳ ಗೆಳೆಯ ರೂಡಿಗೇ ಕೊಟ್ಟಿದ್ದಾರೆ. ಅವನ ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಎಲ್ಲರೂ ಸೇರುವ ಊಟಕ್ಕೆ ಅವನು ಮ್ಯಾಜಿಕ್ ಕಲಿಯುತ್ತಾನೆ. ಇಲ್ಲಿ ಬಾಬ್ ಮನೆಯವರೇ ಬದಿಗೆ ಸರಿಯುತ್ತಾರೆ. ಒಡಹುಟ್ಟಿದವರಿಲ್ಲದ ಹುಡುಗನ ಕಣ್ಣಿನಿಂದ ಆ ಗದ್ದಲದ ಮನೆ ನೋಡಿದಾಗ ನನಗೆ ಗಂಟಲು ಕಟ್ಟಿತು.

ನೀವು ಇನ್ನೂ ಮೊದಲ ಸೀಸನ್‌ನಲ್ಲಿದ್ದರೆ ಸ್ವಲ್ಪ ತಡೆದುಕೊಳ್ಳಿ, ಮೂರನೆಯದರ ತನಕ ಬಿಡಬೇಡಿ. ಅಕ್ಕನೋ ತಮ್ಮನೋ ಇದ್ದರೆ ಅವರ ಜೊತೆಗೇ ನೋಡಿ. ನಾವು ಮೂವರೂ ಈಗ ಬೇರೆ ಬೇರೆ ಕಡೆ ಇದ್ದೇವೆ, ಭಾನುವಾರ ರಾತ್ರಿ ಒಂದೇ ಕಂತನ್ನು ಒಂದೇ ಹೊತ್ತಿಗೆ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾ ನೋಡುತ್ತೇವೆ.