ಸೊಂಟ ನೋವಿಗೆ ಹೋದೆ, ಮೂರು ಬಾಟಲಿ ಕೊಟ್ಟು ಕಳಿಸಿದರು

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ವಯಸ್ಸು 46, ಇಡೀ ದಿನ ಕೂತು ಮಾಡುವ ಕೆಲಸ. ಸೊಂಟ ನೋವಿಗೆ ಕೈರೋಪ್ರಾಕ್ಟರ್ (ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಮಾಡುವವರು) ಹತ್ತಿರ ಹೋಗಿದ್ದೆ. ಅವರು ನನ್ನ ರಕ್ತದ ರಿಪೋರ್ಟ್ ನೋಡಿ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆ ಬೊಜ್ಜು, ಸಕ್ಕರೆ, ರಕ್ತದ ಕೊಬ್ಬು, ಬಿಪಿ ಇವುಗಳಲ್ಲಿ ಹಲವು ಒಟ್ಟಿಗೆ ಹದ ತಪ್ಪುವುದು) ಅಂದರು, ಬರ್ಬೆರಿನ್, ಮೀನೆಣ್ಣೆ, ರೆಡ್ ಯೀಸ್ಟ್ ರೈಸ್ ಕೊಟ್ಟರು, ಅನ್ನ ಪೂರ್ತಿ ಬಿಡಿ ಅಂದರು. ಫ್ಯಾಮಿಲಿ ಡಾಕ್ಟರ್ ಬರೆದ ಕೊಲೆಸ್ಟ್ರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ ಮೊದಲಿಂದಲೂ ನುಂಗುತ್ತಿದ್ದೇನೆ. ಹೊಟ್ಟೆ ಸುತ್ತಳತೆ 98 ಸೆಂ.ಮೀ., ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 212, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 36, ಖಾಲಿ ಹೊಟ್ಟೆಯ ಸಕ್ಕರೆ 108, ಬಿಪಿ 124/80. ಈಚೆಗೆ ತೊಡೆ, ಮೀನಖಂಡ ನೋಯುತ್ತಿವೆ. ಏನು ಮಾಡಲಿ?

ಉತ್ತರ: ಮೊದಲು ರೆಡ್ ಯೀಸ್ಟ್ ರೈಸ್ ನಿಲ್ಲಿಸಿ. ಹೆಸರಲ್ಲಿ ಅಕ್ಕಿ ಇದೆ ಅಂತ ಊಟದ ಸಾಮಾನು ಅಂದ್ಕೋಬೇಡಿ, ಅದರಲ್ಲಿರುವ ಮೊನಾಕೊಲಿನ್ ಕೆ ಮತ್ತು ಲೊವಾಸ್ಟಾಟಿನ್ ಅನ್ನುವ ಔಷಧಿ ಎರಡೂ ಒಂದೇ ವಸ್ತು, ಅಂದರೆ ನೀವೀಗ ಗೊತ್ತಿಲ್ಲದೆ ಒಂದರ ಮೇಲೊಂದು ಎರಡು ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಔಷಧಿ) ತಗೊಳ್ತಿದ್ದೀರಿ. ಕಾಲು ನೋವಿಗೆ ಅದೇ ಕಾರಣ ಇರಬಹುದು. ಈ ವಾರವೇ ಮೂರೂ ಬಾಟಲಿ ಹಿಡಿದುಕೊಂಡು ಫ್ಯಾಮಿಲಿ ಡಾಕ್ಟರನ್ನು ನೋಡಿ, ಸಿಕೆ ಪರೀಕ್ಷೆ (ಸ್ನಾಯುವಿಗೆ ಪೆಟ್ಟಾಗಿದೆಯಾ ತೋರಿಸುವ ರಕ್ತ ಪರೀಕ್ಷೆ) ಬೇಕಾ ಕೇಳಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅಟೊರ್ವಾಸ್ಟಾಟಿನ್ ಅನ್ನು ನೀವಾಗೇ ಬಿಡಬೇಡಿ.

ಬರ್ಬೆರಿನ್ ನಮ್ಮ ಮರದರಿಶಿನದಲ್ಲೂ ಇದೆ. ಸಕ್ಕರೆ ಸ್ವಲ್ಪ ಇಳಿಸುತ್ತದೆ, ನಿಜ. ಆದರೆ ಲಿವರ್ ಬೇರೆ ಔಷಧಿಗಳನ್ನು ಕರಗಿಸುವುದಕ್ಕೆ ಅಡ್ಡ ಬರಬಹುದು, ನಿಮ್ಮ ಸ್ಟಾಟಿನ್ ಕೂಡ ಅಂಥದ್ದೇ. ಮೀನೆಣ್ಣೆಯಿಂದ ತೊಂದರೆ ಕಡಿಮೆ, ಲಾಭವೂ ಕಡಿಮೆ: 1000 ಮಿ.ಗ್ರಾಂ. ಕ್ಯಾಪ್ಸೂಲಿನಲ್ಲಿ ಒಮೆಗಾ-3 ಸಾಮಾನ್ಯವಾಗಿ ಸುಮಾರು 300, ಟ್ರೈಗ್ಲಿಸರೈಡ್ ಇಳಿಸಲು ಡಾಕ್ಟರು ಕೊಡುವುದು ದಿನಕ್ಕೆ 2ರಿಂದ 4 ಗ್ರಾಂ. ಅಮೆರಿಕದಲ್ಲಿ 1994ರ ಕಾನೂನಿನಂತೆ ಸಪ್ಲಿಮೆಂಟ್ ಮಾರುವ ಮೊದಲು ಸರ್ಕಾರದ ಒಪ್ಪಿಗೆಯೇ ಬೇಕಿಲ್ಲ, ನೆನಪಿರಲಿ.

ಕೈರೋಪ್ರಾಕ್ಟರ್ ಹೇಳಿದ ಹೆಸರು ಸರಿಯೇ. ಭಾರತೀಯ ಗಂಡಸರಿಗೆ ಸುತ್ತಳತೆ 90 ದಾಟಬಾರದು, ಟ್ರೈಗ್ಲಿಸರೈಡ್ 150, ಸಕ್ಕರೆ 100 ಮುಟ್ಟಬಾರದು, ಎಚ್‌ಡಿಎಲ್ 40ಕ್ಕಿಂತ ಇಳಿಯಬಾರದು, ಬಿಪಿ 130/85ರೊಳಗಿರಬೇಕು. ಐದರಲ್ಲಿ ಮೂರು ಕೆಟ್ಟರೂ ಸಾಕು, ನಿಮ್ಮದು ನಾಲ್ಕು. ಆದರೆ ಬೆನ್ನೆಲುಬು ಲಟಕ್ಕನೆ ಸರಿಮಾಡಿದರೆ ಈ ಅಂಕಿಗಳೇನೂ ಅಲುಗಾಡುವುದಿಲ್ಲ.

ಅನ್ನ ಪೂರ್ತಿ ಬಿಡೋದು ಬೇಡ, ಎಷ್ಟು ದಿನ ಬಿಡ್ತೀರಿ ಹೇಳಿ? ಅರ್ಧಕ್ಕಿಳಿಸಿ, ಆ ಜಾಗಕ್ಕೆ ಹುರುಳಿಕಾಳು, ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ ಬರಲಿ. ಅನ್ನ ಬಿಟ್ಟು ಎರಡು ರಾಗಿ ಮುದ್ದೆ ನುಂಗಿದರೆ ಆಯ್ತು ಅನ್ನೋರಿದ್ದಾರೆ, ಅದೂ ಹಿಟ್ಟೇ ಅಲ್ವಾ, ಒಂದು ಸಣ್ಣದು ಸಾಕು. ಕಾಫಿಗೆ ಸಕ್ಕರೆ, ಜ್ಯೂಸ್, ಸಂಜೆಯ ಮಿಕ್ಸ್ಚರ್ ನಿಲ್ಲಲಿ. ಊಟವಾದ ಮೇಲೆ ನಡೆಯಿರಿ. ನಿಮ್ಮ ದೇಶದಲ್ಲೇ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ವಾರಕ್ಕೆ 150 ನಿಮಿಷದ ನಡಿಗೆ, ತೂಕದಲ್ಲಿ ಶೇ. 7 ಇಳಿಕೆ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಕಾಯಿಲೆ ಶೇ. 58ರಷ್ಟು ಕಡಿಮೆ ಬಂತು. ಮೂರು ತಿಂಗಳು ಇದನ್ನು ಮಾಡಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು, ವಾರಾಂತ್ಯದ ಬಿಯರ್ ಬಗ್ಗೆ ನೀವೇನೂ ಬರೆದಿಲ್ಲ. ಇದ್ದರೆ ಟ್ರೈಗ್ಲಿಸರೈಡ್ ಏರಿದ್ದಕ್ಕೆ ಕಾರಣ ಮೊದಲು ಅಲ್ಲೇ ಹುಡುಕಿ.