ಸಹಿ ಹಾಕಿಸಿಕೊಂಡರೆ ಸಾಲದು: ಕಯಾಕ್ ವಿಮೆ ಕುರಿತ ಪ್ರಶ್ನೆಗಳು

ನಮ್ಮದು ಹೊನ್ನಾವರದ ಬಳಿ ಹೋಂಸ್ಟೇ. ಅತಿಥಿಗಳನ್ನು ಕಯಾಕ್ ಎಂಬ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕರೆದೊಯ್ಯುತ್ತೇವೆ. 'ಏನಾದರೂ ಆದರೆ ನಾನೇ ಹೊಣೆ' ಅಂತ ಎಲ್ಲರಿಂದಲೂ ಸಹಿ ಪಡೆಯುತ್ತೇವೆ. ಕಟ್ಟಡಕ್ಕೆ ವಿಮೆಯೂ ಇದೆ. ಬೇರೆ ಪಾಲಿಸಿ ಬೇಕಾ?

ಬೇಕು. ಈ ಸಹಿಯ ಕಾಗದ ನಂಬಿ ಕೂತವರ ಪತ್ರಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಲೈಫ್ ಜಾಕೆಟ್ ಹರಿದಿತ್ತು, ಗೈಡ್‌ಗೆ ಈಜು ಬರುತ್ತಿರಲಿಲ್ಲ ಅಂತ ಸಾಬೀತಾದರೆ ಆ ಕಾಗದ ನಿಮ್ಮನ್ನು ಕಾಪಾಡುತ್ತದೆ ಎಂದು ನಂಬಬೇಡಿ. ನಿರ್ಲಕ್ಷ್ಯದ ಪ್ರಶ್ನೆ ಬಂದಾಗ ಗ್ರಾಹಕ ಆಯೋಗ ನೋಡುವುದು ನೀವು ಎಷ್ಟು ಎಚ್ಚರ ವಹಿಸಿದ್ದಿರಿ ಅನ್ನುವುದನ್ನು. 18 ತುಂಬದ ಮಕ್ಕಳ ಸಹಿಗಂತೂ 1872ರ ಕರಾರು ಕಾಯ್ದೆಯಲ್ಲಿ ಬೆಲೆಯೇ ಇಲ್ಲ.

ಕಟ್ಟಡದ ವಿಮೆ ಬೆಂಕಿ, ನೆರೆಯಂಥ ನಷ್ಟಕ್ಕೆ. ಹೊಳೆಯಲ್ಲಿ ಅತಿಥಿಗೆ ಪೆಟ್ಟಾದರೆ ಅದಕ್ಕೆ ಸಂಬಂಧವಿಲ್ಲ. ನಿಮಗೆ ಬೇಕಿರುವುದು ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ಹೊರಗಿನವರಿಗೆ ಹಾನಿಯಾದಾಗ ನೀವು ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ. 1991ರ ಪಬ್ಲಿಕ್ ಲಯಬಿಲಿಟಿ ವಿಮಾ ಕಾಯ್ದೆಯ ಪಾಲಿಸಿ ಅಲ್ಲ, ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ. ಅದನ್ನೇ ಮಾರಿಹೋಗುವ ಏಜೆಂಟರಿದ್ದಾರೆ, ಹುಷಾರು.

ಸರಿಯಾದ ಪಾಲಿಸಿಯಲ್ಲೂ ಮೊದಲು 'ಸೇರದ ವಿಷಯಗಳು' ಎಂಬ ಪುಟ ಓದಿ. ದೋಣಿ ಮತ್ತು ಜಲವಾಹನಗಳಿಂದಾಗುವ ಹಾನಿ ಅಲ್ಲಿ ಹೊರಗಿರುವುದು ಸಾಮಾನ್ಯ. 'ಇದೆ ಬಿಡಿ ಸಾರ್' ಎಂಬ ಮಾತು ನಂಬಬೇಡಿ. ಕಯಾಕಿಂಗ್ ಸೇರಿದೆ ಅಂತ ಪಾಲಿಸಿಯಲ್ಲೇ ಬರೆಸಿ. ಹೋಂಸ್ಟೇ ವಿಳಾಸವಷ್ಟೇ ಇದ್ದರೆ ಹೊಳೆಯಲ್ಲಿ ನಡೆದದ್ದಕ್ಕೆ ತಕರಾರು ಬರುತ್ತದೆ. ಹಾಗಾಗಿ ನೀವು ಹೋಗುವ ನೀರಿನ ಭಾಗದ ಹೆಸರೂ ಇರಲಿ.

ಪಾಲಿಸಿ ಕೊಡುವ ಗರಿಷ್ಠ ಮೊತ್ತ ಎರಡು ಇರುತ್ತದೆ. ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಅಂತ. ಒಂದೇ ಸಲ ನಾಲ್ಕು ಕಯಾಕ್ ಹೊರಡುತ್ತವೆ ಅಂದರೆ ಮೊದಲ ಮೊತ್ತ ಸಣ್ಣದಿದ್ದರೆ ಉಪಯೋಗವಿಲ್ಲ. ವಕೀಲರ ಖರ್ಚು ಸಾಮಾನ್ಯವಾಗಿ ಅದರಲ್ಲೇ ಕಳೆಯುತ್ತದೆ. ಗೈಡ್‌ಗೆ ಪೆಟ್ಟಾದರೆ ಈ ಪಾಲಿಸಿ ಕೊಡುವುದಿಲ್ಲ. ಅವರು ನಿಮ್ಮ ನೌಕರರು, ಅವರಿಗೆ ನೌಕರರ ಪರಿಹಾರ ವಿಮೆ ಬೇರೆ ಮಾಡಿಸಿ. ಅದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ದಿನವಿಡೀ ನೀರಿನಲ್ಲಿರುವ ಹುಡುಗರ ಬಗ್ಗೆ ಇಷ್ಟು ಅಸಡ್ಡೆ ಸರಿಯಲ್ಲ.

ಅಪಘಾತ ಆದ ಕೂಡಲೇ ಕಂಪನಿಗೆ ಬರೆದು ತಿಳಿಸಿ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿ, ಆದರೆ 'ನಮ್ಮದೇ ತಪ್ಪು, ದುಡ್ಡು ಕೊಡ್ತೀವಿ' ಎಂದು ಕಂಪನಿಯ ಒಪ್ಪಿಗೆ ಇಲ್ಲದೆ ಒಪ್ಪಿಕೊಳ್ಳಬೇಡಿ, ಆ ಒಂದು ಮಾತಿಗೇ ಕ್ಲೇಮ್ ಹೋಗಬಹುದು. ಮಳೆಗಾಲದಲ್ಲಿ ಜಿಲ್ಲಾಡಳಿತ ನಿಷೇಧ ಹಾಕಿದಾಗ ದೋಣಿ ಇಳಿಸಿದರೆ ವಿಮೆ ಸಿಗುವುದಿಲ್ಲ ಎಂದೇ ತಿಳಿಯಿರಿ. ವಿಮೆಯ ಮಾತು ಬಿಡಿ, ಆ ನೀರಿಗೆ ಇಳಿಯಲೇಬಾರದು.

ಕಯಾಕ್ ಅಂಗಳದಲ್ಲಿತ್ತು, ಕಳುವಾಯಿತು. ಮನೆಯ ವಿಮೆ ಬರುತ್ತಾ?

ಬೀಗ ಒಡೆದು ಒಳನುಗ್ಗಿದ ಗುರುತಿಲ್ಲದಿದ್ದರೆ ಕಷ್ಟ. ಎಫ್‌ಐಆರ್, ಬಿಲ್, ಸೀರಿಯಲ್ ನಂಬರಿನ ಫೋಟೊ ಇರಲಿ. ಹೊರಗೆ ಒಯ್ಯುವ ಸಾಮಾನಿಗೆ 'ಆಲ್ ರಿಸ್ಕ್' (ಕಳವು, ಆಕಸ್ಮಿಕ ಹಾನಿ ಎರಡಕ್ಕೂ ಇರುವ) ವಿಮೆ ಕೇಳಿ.

ಬಿಸಿಲಿಗೆ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಕ್ಲೇಮ್ ಮಾಡಬಹುದಾ?

ಇಲ್ಲ. ಸವೆತಕ್ಕೆ ವಿಮೆ ಇಲ್ಲ. ನೆರಳಲ್ಲಿಡಿ.

ಕಡಿಮೆ ಪ್ರೀಮಿಯಂ ಬರಲಿ ಅಂತ ₹2 ಲಕ್ಷದ ಸಾಮಾನನ್ನು ₹1 ಲಕ್ಷ ಅಂತ ತೋರಿಸಿದ್ದೇವೆ. ಪರವಾಗಿಲ್ವಾ?

ಖಂಡಿತ ತೊಂದರೆ ಇದೆ! ₹50,000 ನಷ್ಟವಾದರೆ ಕೈಗೆ ಬರುವುದು ₹25,000 ಮಾತ್ರ, ಅರ್ಧಕ್ಕೆ ನೀವೇ ವಿಮೆಗಾರರು ಅನ್ನುವ ಲೆಕ್ಕ.

ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು 'ವಾಟರ್ ಸ್ಪೋರ್ಟ್ಸ್ ಪ್ಯಾಕೇಜ್' ಕೊಡುತ್ತಾರಂತೆ. ಹಣ ಅವರ ಯುಪಿಐಗೆ ಹಾಕಬಹುದಾ?

ಬೇಡ. ಪ್ರೀಮಿಯಂ ಕಂಪನಿಗೆ ತಲುಪದೆ ವಿಮೆಯೇ ಶುರುವಾಗುವುದಿಲ್ಲ. ಹಣ ಕಂಪನಿಯ ಖಾತೆಗೇ ಹೋಗಲಿ, ರಸೀದಿ ಮತ್ತು ಪಾಲಿಸಿ ಸಂಖ್ಯೆ ಕೈಗೆ ಬಂದ ಮೇಲೆ ಕಂಪನಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಅತಿಥಿಗಳನ್ನು ನೀರಿಗೆ ಇಳಿಸಬೇಡಿ.