ಆಮ್ಲಮಳೆ ಮತ್ತು ಮರುವಾಯಿ ಚಿಪ್ಪು

ಪ್ರಶ್ನೆ: ಆಮ್ಲಮಳೆ ಹೇಗೆ ಉಂಟಾಗುತ್ತದೆ? ಹಳೆಯ ಸುಣ್ಣದ ಗೋಡೆಗೂ ಗದ್ದೆಗೂ ಅದರಿಂದ ಹಾನಿಯಿದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ ತುಸು ಆಮ್ಲೀಯವೇ, ಅದರ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.6. ಕಲ್ಲಿದ್ದಲು, ಡೀಸೆಲ್ ಉರಿದಾಗ ಹೊಮ್ಮುವ ಗಂಧಕದ ಡೈಆಕ್ಸೈಡ್ ಹಾಗೂ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲೂ ಮೋಡದ ಹನಿಗಳಲ್ಲೂ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗಿ ಮಾರ್ಪಟ್ಟು ಪಿಎಚ್ ಅನ್ನು ಇನ್ನಷ್ಟು ಇಳಿಸಿದಾಗ ಅದು ಆಮ್ಲಮಳೆಯಾಗುತ್ತದೆ. ಮರುವಾಯಿ ಚಿಪ್ಪಿನ (ಕಪ್ಪೆಚಿಪ್ಪಿನ) ಮೇಲೆ ಲಿಂಬೆರಸ ಹಿಂಡಿ ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪಿನ ಸುಣ್ಣದ ಗಾರೆಯನ್ನು ಆಮ್ಲಮಳೆ ಸವೆಸುವುದೂ ಹೀಗೆಯೇ, ಆದರೆ ಬಹಳ ನಿಧಾನವಾಗಿ. ನನಗೆ ಹೆಚ್ಚಿನ ಕಳವಳವಿರುವುದು ಮಣ್ಣಿನ ಬಗ್ಗೆ. ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಮೊದಲೇ ಹುಳಿ. ಆಮ್ಲವನ್ನು ತಡೆದುಕೊಳ್ಳುವ ಸುಣ್ಣದ ಅಂಶ ಅದರಲ್ಲಿ ಕಡಿಮೆ. ಅಂಥ ಮಣ್ಣಿನಿಂದ ಆಮ್ಲವು ಕ್ಯಾಲ್ಸಿಯಂ ಅನ್ನು ತೊಳೆದು ಅಲ್ಯೂಮಿನಿಯಂ ಅನ್ನು ಬಿಡಿಸುತ್ತದೆ. ಈ ಅಲ್ಯೂಮಿನಿಯಂ ಬೇರುಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ನೀರಿನೊಂದಿಗೆ ತೋಡಿಗಿಳಿದರೆ ಮೀನಿನ ಕಿವಿರುಗಳನ್ನೂ ಕೆಡಿಸುತ್ತದೆ.